ಓಡಿಸೋಕೆ ಬಂದವನ ಬೆನ್ನು

ಯುದ್ಧದ ಕಾಲ. ಪೆಟ್ರೋಲ್ ಸಿಗುತ್ತಿರಲಿಲ್ಲ. ಶಿವಮೊಗ್ಗಕ್ಕೂ ಭದ್ರಾವತಿಗೂ ನಾನು ಇದ್ದಿಲು ಗ್ಯಾಸಿನಿಂದ ಓಡುವ ಲಾರಿ ಓಡಿಸುತ್ತಿದ್ದೆ. ನನ್ನನ್ನು ಇಟ್ಟುಕೊಂಡಿದ್ದು ಓಡಿಸೋದಕ್ಕೆ. ಆದರೆ ಲಾರಿ ನಿಂತ ಕೂಡಲೇ ಎಲ್ಲರ ಕಣ್ಣೂ ನನ್ನ ಬೆನ್ನಿನ ಮೇಲೆ. ಈ ಅನ್ಯಾಯ ಒಂದು ಸಲಕ್ಕೆ ಮುಗಿದಿದ್ದರೆ ನಾನೂ ಸುಮ್ಮನಿರುತ್ತಿದ್ದೆ.

ಉಸಿರಿನ ವಿದ್ಯೆ

ಶಿವಮೊಗ್ಗದ ಅಕ್ಕಿ ಮಂಡಿಯೊಂದಕ್ಕೆ ಮೂಟೆ ತಂದಿದ್ದೆ. ಅಲ್ಲಿನ ಹಮಾಲರು ಮದುವೆಗೆ ಹೋಗಿದ್ದರು. ಗಾದಿಯ ಮೇಲೆ ಒರಗಿಕೊಂಡೇ ಸಾಹುಕಾರರು, "ನೀನೇ ಇಳಿಸಿಬಿಡು ಮಾರಾಯ" ಅಂದರು. ನಾಲ್ಕಾರು ಮೂಟೆ ಹೊತ್ತವನು ಸೊಂಟಕ್ಕೆ ಕೈಕೊಟ್ಟು ನಿಂತೆ.

"ಬೆನ್ನಿಂದ ಎತ್ತಬಾರದು. ಉಸಿರು ಕಟ್ಟಿ ಎತ್ತಬೇಕು. ಅದೊಂದು ವಿದ್ಯೆ" ಅಂದರು ಸಾಹುಕಾರರು.

ನನಗೆ ಮೈಯೆಲ್ಲ ಉರಿಯಿತು. "ಒಂದ್ಸಲ ತೋರಿಸಿಬಿಡಿ ಸಾಹುಕಾರ್ರೆ, ಕಲಿತ್ಕೋತೀನಿ" ಅಂದೆ.

ಗಿರಾಕಿಗಳು ನೋಡುತ್ತಿದ್ದರು, ಸಾಹುಕಾರರು ಹಿಂದೆ ಸರಿಯುವ ಹಾಗಿರಲಿಲ್ಲ. ಪಂಚೆ ಎತ್ತಿ ಕಟ್ಟಿ ಬಂದರು, ಬಗ್ಗಿದರು, ಉಸಿರು ಕಟ್ಟಿದರು. ಮೂಟೆ ಏಳಲಿಲ್ಲ. ಸಾಹುಕಾರರೂ ಏಳಲಿಲ್ಲ. ಬಗ್ಗಿದವರನ್ನು ಬಗ್ಗಿದ ಹಾಗೇ ಒಳಗೆ ಹೊತ್ತುಕೊಂಡು ಹೋದವನು ಯಾರು? ನಾನೇ! ಆವತ್ತಿನ ಸರಕಿನಲ್ಲಿ ಎಲ್ಲಕ್ಕಿಂತ ಭಾರವಾಗಿದ್ದದ್ದು ಅವರೇ.

ಒರಳುಕಲ್ಲು

ಭದ್ರಾವತಿಯ ನ್ಯೂ ಟೌನಿಗೆ ಹೊಸದಾಗಿ ಬಂದ ಆಫೀಸರ ಮನೆಗೆ ಸಾಮಾನು ತಂದಿದ್ದೆ. ಅದರಲ್ಲಿ ಒಂದು ಒರಳುಕಲ್ಲು. ಉರುಳಿಸಿ, ತಬ್ಬಿ, ಹೇಗೋ ಅಡಿಗೆಮನೆಗೆ ತಂದೆ.

"ಕಿಟಕಿ ಹತ್ರ ಇಡಪ್ಪ" ಅಂದರು ಸೊಸೆ.

"ಕಿಟಕಿ ಹತ್ರ ಧೂಳು. ಬಾಗಿಲ ಹತ್ರ ಇಡು" ಅಂದರು ಅತ್ತೆ.

ಇಟ್ಟೆ. "ಬಾಗಿಲಲ್ಲಿ ಕಾಲಿಗೆ ಎಡವುತ್ತೆ" ಅಂತ ಸೊಸೆ ಮತ್ತೆ ಕಿಟಕಿ ಕಡೆ ಕೈ ತೋರಿಸಿದರು. ಹೀಗೇ ಕಲ್ಲು ಓಡಾಡಿತು. ಕೊನೆಗೆ ಅದನ್ನು ಕೋಣೆಯ ನಡುವೆಯೇ ಬಿಟ್ಟು ಅದರ ಮೇಲೆ ಕೂತೆ. "ನೀವಿಬ್ರೂ ಒಂದು ಮಾತಿಗೆ ಬರೋತನಕ ನಾನು ಏಳಲ್ಲ!"

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿ, "ಎಂಥಾ ಕೊಬ್ಬು ಇವನಿಗೆ!" ಅಂದರು.

ಆಫೀಸರು ಓಡಿಬಂದು ನನ್ನ ಕೈ ಹಿಡಿದುಕೊಂಡರು. "ಇವರಿಬ್ಬರೂ ಒಂದೇ ಮಾತು ಆಡಿದ್ದನ್ನ ಮದುವೆಯಾದಮೇಲೆ ಇವತ್ತೇ ಕೇಳ್ತಿರೋದು. ನಾಳೆನೂ ಬರ್ತೀಯೇನಪ್ಪ?"

ಡಾಕ್ಟರ ಮದ್ದು

ಕೊನೆಗೊಂದು ದಿನ ಬೆನ್ನು ಹಿಡಿದೇಬಿಟ್ಟಿತು. ಕ್ಲಚ್ ಒತ್ತಿದರೆ ಕಣ್ಣಲ್ಲಿ ನೀರು. ಡಾಕ್ಟರ ಹತ್ತಿರ ಹೋದೆ.

"ಏನು ಕೆಲಸ?"

"ಲಾರಿ ಡ್ರೈವರ್, ಸ್ವಾಮಿ."

"ಅದಕ್ಕೇ! ಇಡೀ ದಿನ ಕೂತೇ ಇದ್ದರೆ ಬೆನ್ನು ಹಿಡಿಯದೆ ಇನ್ನೇನಾಗುತ್ತೆ?"

"ಕೂತು ಅಲ್ಲ ಸ್ವಾಮಿ, ಮೂಟೆ ಇಳಿಸಿ ಇಳಿಸಿ..."

"ಡಾಕ್ಟರ ಹತ್ರ ಸುಳ್ಳು ಹೇಳಬಾರದು. ಡ್ರೈವರ್ ಯಾಕಯ್ಯ ಮೂಟೆ ಇಳಿಸ್ತಾನೆ?"

ಇಷ್ಟು ವರ್ಷ ನಾನು ಊರಿಗೆಲ್ಲ ಕೇಳುತ್ತಿದ್ದ ಪ್ರಶ್ನೆಯನ್ನೇ ಈ ಮನುಷ್ಯ ನನಗೆ ಕೇಳುತ್ತಿದ್ದಾನೆ! ಅವರು ಕನ್ನಡಕ ತೆಗೆದು ಪ್ರೀತಿಯಿಂದ ಹೇಳಿದರು:

"ಔಷಧಿ ಏನೂ ಬೇಡ. ನಿನಗೆ ಬೇಕಾಗಿರೋದು ವ್ಯಾಯಾಮ. ನಮ್ಮ ಮನೆ ಮುಂದೆ ಒಂದು ಗಾಡಿ ಸೌದೆ ಬಂದು ನಿಂತಿದೆ. ಹೋಗಿ ಇಳಿಸು."