ಒಂಬತ್ತನೇ ನಂಬರಿನ ಗರ್ಭಿಣಿ

ಇಂದ್ರಾಬಾಯಿ: ರಜಾ ಅನ್ನೂದು ನೌಕರದಾರರಿಗಿ. ನೀ ಆಶಾ ಕಾರ್ಯಕರ್ತಿ, ಸ್ವಯಂಸೇವಕಿ. ಸ್ವಂತ ಖುಷಿಲೇ ಸೇವಾ ಮಾಡಾಕಿಗಿ ರಜಾ ನಾ ಎಲ್ಲಿಂದ ತರ್ಲಿ?

ಗುಲನಾಜ: ಹಂಗಾರ ಹದಿನೈದ ದಿನ ನನಗ ಖುಷಿ ಇಲ್ಲಂತ ಬರ್ಕೋರಿ ಬಾಯಾರ.

(ನಾಲತವಾಡದಿಂದ ಮೂರು ಕಿಲೋಮೀಟರ್ ಆಚೆಯ ಒಂದು ಹಳ್ಳಿಯ ಆರೋಗ್ಯ ಉಪಕೇಂದ್ರ. ಜಗಳ ಶುರುವಾಗಿ ಅರ್ಧ ತಾಸಾಗಿದೆ. ಆಶಾ ಕಾರ್ಯಕರ್ತೆ ಗುಲನಾಜಳಿಗೆ ಏಳನೇ ತಿಂಗಳು. ಕಾಲು ಬಾತು ತನ್ನ ಚಪ್ಪಲಿ ಹಿಡಿಯದೆ ಗಂಡನ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಾಳೆ. ಮುದ್ದೇಬಿಹಾಳದ ಡಾಕ್ಟರು ಬಿ.ಪಿ. ನೋಡಿ, ಗುಳಿಗೆ ಕೊಟ್ಟು, ಹದಿನೈದು ದಿನ ಹಾಸಿಗೆ ಬಿಟ್ಟು ಏಳಬೇಡ ಎಂದು ಚೀಟಿ ಬರೆದಿದ್ದಾರೆ. ಮೇಲ್ವಿಚಾರಕಿ ಇಂದ್ರಾಬಾಯಿ ಆ ಚೀಟಿ ಓದಿ, ನೀಟಾಗಿ ಮಡಚಿದರು. ಅಲುಗಾಡುವ ಮೇಜಿನ ಕಾಲಡಿಗೆ ಅದನ್ನು ತುರುಕಲಿಲ್ಲ, ಅಷ್ಟು ದೊಡ್ಡ ಮನಸ್ಸು. ಗುರುವಾರ ಅವರಿಗೆ ಪ್ರಗತಿ ಪರಿಶೀಲನಾ ಸಭೆ. ನಿವೃತ್ತಿಗೆ ಇನ್ನು ಎರಡು ವರ್ಷವೂ ಇಲ್ಲ, ಅಷ್ಟರೊಳಗೆ ಯಾರಿಂದಲೂ ಒಂದು ಮಾತು ಕೇಳಬಾರದೆಂಬ ಹಟ. ಬಾಗಿಲ ಬಳಿ ಬಿ.ಪಿ. ಗುಳಿಗೆಗೆ ಬಂದ ಸಿದ್ದವ್ವ ಕೂತಿದ್ದಾಳೆ. ಗುಲನಾಜಳ ಬಾಜೂ ಮನೆಯ ಮುದುಕಿ. ಗುಳಿಗೆ ಸಿಕ್ಕು ಎಷ್ಟೋ ಹೊತ್ತಾಗಿದೆ, ಜಗಳ ಬಿಟ್ಟು ಏಳಲು ಮನಸ್ಸಿಲ್ಲ.)

ಗುಲನಾಜ: ರಜಾ ಇಲ್ಲಂದ್ರ ಬ್ಯಾಡ ಬಿಡ್ರಿ. ನಮಗ ಹಾಜರಿನೂ ಇಲ್ಲಲ್ರಿ. ಸುಮ್ನ ಮನ್ಯಾಗ ಇರ್ತೇನಿ.

ಇಂದ್ರಾಬಾಯಿ: ಹಾಜರಿ ಇಲ್ಲ. ಗೈರಹಾಜರಿ ಐತಿ. ಮೂರ ದಿನ ಕಾಣ್ಲಿಲ್ಲಂದ್ರ ನೋಟೀಸ್ ಬರತೈತಿ.

ಸಿದ್ದವ್ವ: ಬಂದಿದ್ದ ಬರ್ಕೊಳ್ಳಂಗಿಲ್ಲ, ಬರಲಾರದ್ದ ಬರ್ಕೋತಾರ. ನಮ್ಮತ್ತಿನೂ ಹಿಂಗ ಇದ್ದಳವಾ.

ಇಂದ್ರಾಬಾಯಿ: ನೀ ಸುಮ್ನ ಕುಂದರ ಆಯಿ. ಗುಲನಾಜ, ಇನ್ನೂರಾ ಹತ್ತ ಮನಿ ಲಾರ್ವಾ ಸರ್ವೇ ಬಾಕಿ ಐತಿ. ನೀರಿನ ಬ್ಯಾರಲ್‌ನ್ಯಾಗ ಬಗ್ಗಿ ಸೊಳ್ಳಿ ಮರಿ ಅದಾವೋ ಇಲ್ಲೋ ನೋಡೂದು. ಅದೇನ ಭಾರ ಹೊರೂ ಕೆಲಸೇನು?

ಗುಲನಾಜ: ನಾ ಬಗ್ಗತೇನ್ರಿ. ಹೊಟ್ಟಿ ಬಗ್ಗಂಗಿಲ್ಲ.

ಇಂದ್ರಾಬಾಯಿ: ನಿಂತ ನೋಡು.

ಗುಲನಾಜ: ನಿಂತ ನೋಡಿದ್ರ ಹೊಟ್ಟಿನ ಕಾಣತೈತ್ರಿ, ಬ್ಯಾರಲ್ ಕಾಣಂಗಿಲ್ಲ.

(ಇಂದ್ರಾಬಾಯಿ ತಮ್ಮ ಹಳೆಯ ಕಥೆ ತೆಗೆದರು. ಸಿಂದಗಿ ಕಡೆ ಕೆಲಸದಲ್ಲಿದ್ದಾಗ ಎಂಟು ತಿಂಗಳ ಹೊಟ್ಟೆ ಹೊತ್ತು ಪೋಲಿಯೋ ಹನಿ ಹಾಕುತ್ತ ಏಳು ಹಳ್ಳಿ ನಡೆದದ್ದು, ಡಬ್ಬಿ ಕೆಳಗಿಟ್ಟು ನೇರ ಹೆರಿಗೆ ಕೋಣೆಗೆ ಹೋದದ್ದು. ಹೋದ ವರ್ಷ ಈ ಕಥೆಯಲ್ಲಿ ಐದೇ ಹಳ್ಳಿ ಇದ್ದವು. ಗುಲನಾಜ ಪೂರ್ತಿ ಕೇಳಿದಳು. ಆಮೇಲೆ ದನಿ ತಗ್ಗಿಸಿ ಮಾತಾಡಿದಳು.)

ಗುಲನಾಜ: ಮೊದಲಿಂದು ಏಳ ತಿಂಗಳಿಗೇ ಹೋತ್ರಿ ಬಾಯಾರ. ಆಗೂ ಸರ್ವೇನ ಇತ್ತು. ನನಗ ಭಾಳ ಅಂಜಿಕಿ ಆಗೈತಿ.

(ಸಿದ್ದವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಇಂದ್ರಾಬಾಯಿಗೂ ಪಾಪ ಅನ್ನಿಸಿತು. ಆದರೆ ಮೂವತ್ತೈದು ವರ್ಷದ ನೌಕರಿಯಲ್ಲಿ ಅವರು ಕಲಿತದ್ದು ಒಂದೇ: ಉತ್ತರ ತೋಚದಿದ್ದಾಗ ರಜಿಸ್ಟರ್ ತೆಗೆಯುವುದು. ಗರ್ಭಿಣಿಯರ ರಜಿಸ್ಟರ್ ಎಳೆದುಕೊಂಡು, ಕನ್ನಡಕ ಇಲ್ಲದೆಯೇ ಸಾಲಿನ ಮೇಲೆ ಬೆರಳಾಡಿಸಿದರು. ಅಕ್ಷರ ಕಾಣದಿದ್ದರೂ ಖಾಲಿ ಜಾಗ ಅವರಿಗೆ ಚೆನ್ನಾಗಿ ಕಾಣುತ್ತದೆ.)

ಇಂದ್ರಾಬಾಯಿ: ಏನಿದು? ಒಂಬತ್ತನೇ ನಂಬರಿನಾಕಿ ಮನಿಗಿ ಎರಡ ತಿಂಗಳಿಂದ ಭೇಟಿನ ಕೊಟ್ಟಿಲ್ಲ. ಆಕಿ ಊರಾಗಿಲ್ಲೇನು?

ಗುಲನಾಜ: ಊರಾಗ ಅದಾಳ್ರಿ.

ಇಂದ್ರಾಬಾಯಿ: ಮತ್ತ ಹೋದ್ರ ಬಾಗಲಾ ತಗಿಯಂಗಿಲ್ಲೇನು?

ಗುಲನಾಜ: ನಾ ಡ್ಯೂಟಿ ಮ್ಯಾಲ ಇದ್ದಾಗ ಆಕಿ ಮನ್ಯಾಗ ಇರಂಗಿಲ್ರಿ. ಆಕಿ ಮನ್ಯಾಗ ಇದ್ದಾಗ ನನ್ನ ಡ್ಯೂಟಿ ಮುಗದಿರತೈತಿ.

ಇಂದ್ರಾಬಾಯಿ: ಎಂಥಾ ತಿರುಗೂ ಹೆಣ್ಣಮಗಳವಾ ಇಕಿ. ಬಸರ ಹೆಂಗಸು ದಿನಕ್ಕ ಎರಡ ತಾಸರ ಅಡ್ಡಾಗಬೇಕಂತ ತಿಳಿಯಂಗಿಲ್ಲೇನು?

ಗುಲನಾಜ: ತಿಳಿತೈತ್ರಿ. ಮಂದಿಗೆಲ್ಲ ಆಕಿನ ಹೇಳ್ತಾಳ.

ಇಂದ್ರಾಬಾಯಿ: ಮನ್ಯಾಗ ಅತ್ತಿ, ಗಂಡ ಏನ ಮಾಡಾಕತ್ತಾರ?

ಗುಲನಾಜ: ಅವರು ಮಲ್ಕೋ ಅಂತಾರ್ರಿ. ಮ್ಯಾಲಿನೋರು ಬಿಡಂಗಿಲ್ಲ.

ಇಂದ್ರಾಬಾಯಿ: ಯಾರ ಆ ಮ್ಯಾಲಿನೋರು? ಹೆಸರ ಹೇಳು. ಗುರುವಾರ ಸಭಾದಾಗ ಎದ್ದ ನಿಂತ ಹೇಳ್ತೇನಿ. ಬಸರಿಗಿ ಹಿಂಗ ದುಡಸ್ತಾರಂದ್ರ ಅವರೇನ ಮನಷ್ಯಾರೇನು?

(ಗುಲನಾಜ ರಜಿಸ್ಟರನ್ನು ಅವರ ಕಡೆ ತಿರುಗಿಸಿದಳು. ಇಂದ್ರಾಬಾಯಿ ಕನ್ನಡಕ ಹುಡುಕಿ ಹಾಕಿಕೊಂಡರು. ಒಂಬತ್ತನೇ ಸಾಲಿನಲ್ಲಿ ಗುಲನಾಜಳದೇ ಮುದ್ದಾದ ಅಕ್ಷರದಲ್ಲಿ ಗುಲನಾಜಳದೇ ಹೆಸರಿತ್ತು. ಮೊದಲು ನಕ್ಕವಳು ಸಿದ್ದವ್ವ.)

ಸಿದ್ದವ್ವ: ಬಾಯಾರ, ಸಭಾದಾಗ ಎದ್ದ ನಿಂತಾಗ ನಿಮ್ಮ ಹೆಸರ ಜೋರಾಗಿ ಹೇಳ್ರಿ. ಹಿಂದ ಕುಂತವರಿಗಿ ಕೇಳಬೇಕು.

(ಇಂದ್ರಾಬಾಯಿ ಸಾವರಿಸಿಕೊಂಡರು. ಹೆಸರು ಯಾರದಾದರೂ ಇರಲಿ, ಗುರುವಾರಕ್ಕೆ ಸಾಲು ಖಾಲಿ ಇರಬಾರದು, ಈಗಲೇ ತನಗೆ ತಾನೇ ಭೇಟಿ ಕೊಟ್ಟು ಬರೆ ಎಂದು ಅಪ್ಪಣೆ ಮಾಡಿದರು. ಗುಲನಾಜ ಅಪ್ಪಣೆ ಮೀರುವವಳಲ್ಲ. ಬಿ.ಪಿ. ಮಷೀನಿನ ಪಟ್ಟಿಯನ್ನು ತನ್ನ ತೋಳಿಗೆ ತಾನೇ ಸುತ್ತಿಕೊಂಡಳು.)

ಗುಲನಾಜ: ವಿಶ್ರಾಂತಿ ತಗೋತಿಯೇನವಾ? ಇಲ್ರಿ. ಯಾಕ? ಲಾರ್ವಾ ಸರ್ವೇ ಐತ್ರಿ. ಕಾಲ ಬಾತಾವೇನು? ಬಾತಾವ್ರಿ. ಬಿ.ಪಿ. ನೂರಾ ಐವತ್ತೆಂಟು, ನೂರಾ ನಾಕು.

ಇಂದ್ರಾಬಾಯಿ: ಏ, ಕೆಂಪ ಪೆನ್ ಯಾಕ ತಗೊಂಡಿ?

ಗುಲನಾಜ: ತರಬೇತಿಯೊಳಗ ನೀವ ಹೇಳೀರಿ. ನೂರಾ ನಲವತ್ತು ದಾಟಿದ್ರ ಕೆಂಪು. ಗಂಡಾಂತರ ಗರ್ಭಿಣಿ. ಸಲಹಾ, ಪೂರಾ ವಿಶ್ರಾಂತಿ. ಬಸರಿ ಸಹಿ ಆತು, ಆಶಾ ಸಹಿ ಆತು. ಇನ್ನ ಮೇಲ್ವಿಚಾರಕಿದು.

(ಇಂದ್ರಾಬಾಯಿಯ ಪೆನ್ನು ಗಾಳಿಯಲ್ಲೇ ನಿಂತಿತು. ಕೆಂಪಕ್ಷರದ ಹೆಸರು ನೇರ ಜಿಲ್ಲೆಯ ಪಟ್ಟಿಗೆ ಹೋಗುತ್ತದೆ. ಅಂಥವಳನ್ನು ಮೇಲ್ವಿಚಾರಕಿ ವಾರಕ್ಕೊಮ್ಮೆ ಮನೆಗೇ ಹೋಗಿ ನೋಡಬೇಕು. ಅವಳು ಬ್ಯಾರಲ್ ಪಕ್ಕ ನಿಂತದ್ದು ಯಾರಿಗಾದರೂ ಕಂಡರೆ ಕಾರಣ ಕೇಳುವ ಪತ್ರ ಮೇಲ್ವಿಚಾರಕಿಗೇ ಬರುತ್ತದೆ. ಸಹಿ ಹಾಕದಿದ್ದರೆ ಗುರುವಾರ ಸಾಲು ಖಾಲಿ. ಅವರು ಉಸಿರು ಬಿಟ್ಟು ಸಹಿ ಹಾಕಿದರು.)

ಇಂದ್ರಾಬಾಯಿ: ನಾಳಿಂದ ಹಾಸಿಗಿ ಬಿಟ್ಟ ಎದ್ದಿ ಅಂದ್ರ ನೋಟೀಸ್ ಕೊಡ್ತೇನಿ ನೋಡು.

ಗುಲನಾಜ: ಯಾರಿಗ್ರಿ, ಬಸರಿಗೋ ಆಶಾಗೋ?

ಇಂದ್ರಾಬಾಯಿ: ಇಬ್ಬರಿಗೂ.

(ಮುಂದಿನ ಸೋಮವಾರದ ಮಧ್ಯಾಹ್ನ. ಗುಲನಾಜ ಮನೆಯಲ್ಲಿ ಹೊರಸಿನ ಮೇಲೆ ಮಲಗಿದ್ದಾಳೆ. ಬಾವು ಇಳಿದಿದೆ, ಹೊರಸಿನ ಕೆಳಗೆ ಈಗ ಅವಳದೇ ಚಪ್ಪಲಿ. ಮಗು ಬೆಳಗಿನಿಂದ ಒಳ್ಳೆ ಒದೆಯುತ್ತಿದೆ ಎಂದು ಸಿದ್ದವ್ವನಿಗೆ ಹೇಳುತ್ತಿರುವಾಗ ಇಂದ್ರಾಬಾಯಿ ವಾರದ ಭೇಟಿಗೆ ಬಂದರು. ಲಾರ್ವಾ ಸರ್ವೇ ಮಾಡಲು ಬೇರೆ ಯಾರೂ ಸಿಗದೆ ತಾವೇ ಅರವತ್ತು ಬ್ಯಾರಲ್‌ಗಳಿಗೆ ಬಗ್ಗಿ ಬಂದಿದ್ದರು. ಗುಲನಾಜಳ ಬಿ.ಪಿ. ನೋಡಿ, ಇಳಿದಿದೆ ಎಂದು ಬರೆದುಕೊಂಡು, ಒಂದು ತಂಬಿಗೆ ನೀರು ಕುಡಿದು, ತಮ್ಮ ತೋಳನ್ನೂ ಮುಂದೆ ಚಾಚಿದರು.)

ಗುಲನಾಜ: ನೂರಾ ಎಪ್ಪತ್ತೈತ್ರಿ ಬಾಯಾರ. ನೀವು ಹದಿನೈದ ದಿನ ಮಲಗಬೇಕ್ರಿ.

ಇಂದ್ರಾಬಾಯಿ: ಗುರುವಾರ ಮತ್ತ ಸಭಾ ಐತಿ. ರಜಾ ಕೇಳಿದ್ರ, ಸಭಾ ಮುಗಿಸಿ ಜಡ್ಡ ಬೀಳ್ರಿ ಅಂದ್ರು. ಗುಲನಾಜ, ಆ ನಿನ್ನ ರಜಿಸ್ಟರ್‌ನ್ಯಾಗ ಹತ್ತನೇ ನಂಬರ ಖಾಲಿ ಐತೇನವಾ?

(ಗುಲನಾಜ ತಲೆದಿಂಬಿನ ಕೆಳಗಿಂದ ರಜಿಸ್ಟರ್ ತೆಗೆದು ಕೆಂಪು ಪೆನ್ನಿನ ಮುಚ್ಚಳ ಬಿಚ್ಚಿದಳು.)

ಗುಲನಾಜ: ಖಾಲಿ ಐತ್ರಿ. ಎಷ್ಟ ತಿಂಗಳಂತ ಬರೀಲ್ರಿ?

ಇಂದ್ರಾಬಾಯಿ: ಇಪ್ಪತ್ತೆರಡು. ಅಷ್ಟ ಉಳದಾವು, ರಿಟೈರ್ ಆಗಾಕ.