ಹಾರ ಹಾಕಿದ ಸಮುದ್ರ

ಮನೆಯಲ್ಲಿ ಸಾವಾಗಿ ಎರಡು ವಾರ ಕಳೆದಿಲ್ಲ, ಆಗಲೇ "ನಾಳೆ ನೀ ಕೆಂಪು ಸೀರಿ ಉಡು, ನೀಲಿ ಮುಂದ ಕೆಂಪು ಎದ್ದು ಕಾಣತೈತಿ" ಎಂದು ಹೇಳುವ ಗಂಡ ಬೇರೆ ಯಾರಿಗಾದರೂ ಸಿಕ್ಕಿದ್ದಾನೋ ಇಲ್ಲವೋ, ನನಗಂತೂ ಸಿಕ್ಕಿದ್ದಾನೆ. ಚಿಕ್ಕೋಡಿಯಲ್ಲಿ ಎಲ್ಲರೂ ಅವರನ್ನು ಕಬ್ಬಿನ ಬಾಬಾಸಾಹೇಬ ಎಂದು ಬಲ್ಲರು. ಛಾಯಾಚಿತ್ರ ಕಲಾತಪಸ್ವಿ ಎಂದು ಬಲ್ಲವಳು ಅವರ ಹೆಂಡತಿ ಭೀಮಾ, ಅಂದರೆ ನಾನೊಬ್ಬಳೇ. (ತಪಸ್ಸು ಅವರದು, ಉಪವಾಸ ನನ್ನದು.)

ಸತ್ತವರು ಅಣ್ಣಾಸಾಬ ಕಾಕಾ, ನಮ್ಮವರ ಚಿಕ್ಕಪ್ಪ. ಮುಂಬಯಿಯಿಂದ ಹೊರಡುವ ಸರಕಿನ ಹಡಗುಗಳಲ್ಲಿ ಅಡಿಗೆಯವರಾಗಿ ಅರ್ಧ ಆಯುಷ್ಯ ಕಳೆದು, ವಯಸ್ಸಾದ ಮೇಲೆ ಊರಿಗೆ ಬಂದು ನಮ್ಮ ಜೊತೆಗೇ ಇದ್ದರು. ಅವರಿಗೂ ಅವರ ಹೆಂಡತಿ ರುಕ್ಮವ್ವ ಕಾಕುವಿಗೂ ಮಕ್ಕಳಿರಲಿಲ್ಲ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡಿದ್ದ ನಮ್ಮವರನ್ನೇ ಮಗನಂತೆ ಬೆಳೆಸಿದ್ದರು. ಜಪಾನಿನಿಂದ ತಂದ ಕ್ಯಾಮೆರಾವನ್ನು ಅವರ ಕೊರಳಿಗೆ ಹಾಕಿದವರೂ ಕಾಕಾನೇ. ಆ ಉಪಕಾರವನ್ನು ನಾನು ಇವತ್ತಿಗೂ ಮರೆತಿಲ್ಲ.

ಹಾಸಿಗೆ ಹಿಡಿದಾಗ ಕಾಕಾ ಒಂದೇ ಮಾತು ಹೇಳಿದ್ದರು. "ನನ್ನ ಬೂದಿ ಕೃಷ್ಣಾ ಹೊಳ್ಯಾಗ ಬಿಡಬ್ಯಾಡ್ರಿ. ಹೊಳಿ ನೀರು ಪಂಪಿನ್ಯಾಗ ಕಬ್ಬಿಗೆ ಬರತೈತಿ. ನನಗ ಮತ್ತ ನಿಮ್ಮ ಚಾದಾಗ ಬರೂದು ಬ್ಯಾಡ. ಸಮುದ್ರಕ್ಕ ಒಯ್ಯಿರಿ."

ಹೀಗಾಗಿ ೧೯೮೯ರ ಮಾಘ ಮಾಸದಲ್ಲಿ ಕಾಕಾನ ಅಸ್ಥಿ ಒಂದು ಸಣ್ಣ ಗಡಿಗೆಯಲ್ಲಿ ಕುಳಿತು, ನಮ್ಮ ಹಿತ್ತಲಿನ ಬೇವಿನ ಮರಕ್ಕೆ ಜೋತುಬಿದ್ದು ಜೀಪಿನ ದಾರಿ ಕಾಯತೊಡಗಿತು. ಜೀಪು ಯಾವಾಗಲೋ ಸಿದ್ಧವಿತ್ತು. ಸಿದ್ಧವಾಗದೆ ಉಳಿದಿದ್ದವರು ನಮ್ಮವರು. ಸಮುದ್ರದ ಫೋಟೋ ತೆಗೆಯುವುದು ಹೇಗೆಂದು ಕಲಿಯಲು ಅವರು ನಿಪ್ಪಾಣಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಪಾರಿಸನ ಹತ್ತಿರ ಓಡಾಡುತ್ತಿದ್ದರು. ಪಾರಿಸ ಮದುವೆ ಮುಂಜಿ ಬಿಟ್ಟರೆ ಹೊರಗೆ ಕಾಲಿಟ್ಟವನಲ್ಲ. ಆದರೆ ಹಳೆಯ ಪತ್ರಿಕೆಗಳನ್ನು ಓದಿಕೊಂಡು ಸಮುದ್ರದ ಬಗ್ಗೆ ಭಾರೀ ಅಧಿಕಾರವಾಣಿಯಿಂದ ಮಾತಾಡುತ್ತಿದ್ದ.

ಅಲ್ಲಿ ಕಲಿತದ್ದನ್ನು ನಮ್ಮವರು ಊಟಕ್ಕೆ ಕುಳಿತಾಗ ನನಗೆ ಬಡಿಸುತ್ತಿದ್ದರು. ಆಕಾಶ ಮತ್ತು ನೀರು ಕೂಡುವ ಗೆರೆ ಚಿತ್ರದ ನಟ್ಟನಡುವೆ ಬರಬಾರದು. ಅದು ಸೊಟ್ಟಗಾದರೆ ಸಮುದ್ರವೆಲ್ಲ ಒಂದು ಮೂಲೆಯಿಂದ ಸುರಿದುಹೋದಂತೆ ಕಾಣುತ್ತದೆ. ಬರೀ ನೀರು ತೆಗೆದರೆ ಕಣ್ಣಿಗೆ ನಿಲ್ಲಲು ಜಾಗವಿರುವುದಿಲ್ಲ, ಮುಂದೆ ಏನಾದರೊಂದು ವಸ್ತು ಬೇಕು. ನಡು ಮಧ್ಯಾಹ್ನ ತೆಗೆದರೆ ಬಣ್ಣ ಸತ್ತುಹೋಗುತ್ತದೆ.

"ಮನ್ಯಾಗ ಮನಷ್ಯಾ ಸತ್ತಾನ್ರಿ," ಎಂದೆ ನಾನು. "ಬಣ್ಣ ಸತ್ರ ಏನಾತು?"

ಅವರು ಎದ್ದು ಹೊಲದ ಹೊಂಡಕ್ಕೆ ಹೋದರು. ಸಂಜೆಯವರೆಗೆ ಎಮ್ಮೆಯನ್ನು ಹೊಂಡದ ಬಲಬದಿಗೆ ನಿಲ್ಲಿಸಿ, ಎಡಬದಿಗೆ ನಿಲ್ಲಿಸಿ ಅಭ್ಯಾಸ ಮಾಡಿದರು. ಆ ದಿನ ಎಮ್ಮೆ ಹಾಲು ಕೊಡಲಿಲ್ಲ.

ಕೊನೆಗೆ ಹೊರಟೆವು. ಡ್ರೈವರ್ ಬಾಳು, ಅವನ ಪಕ್ಕದಲ್ಲಿ ಕ್ಯಾಮೆರಾ ಸಮೇತ ನಮ್ಮವರು, ಹಿಂದೆ ಕೆಂಪು ಸೀರೆಯಲ್ಲಿ ನಾನು, ನನ್ನ ಪಕ್ಕದಲ್ಲಿ ಗಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡ ಕಾಕು. ಅಂಬೋಲಿ ಘಾಟಿನ ತಿರುವುಗಳಲ್ಲಿ ನಾನು ಜೀಪಿನ ಸರಳು ಹಿಡಿದು ಕುಳಿತೆ. ಕಾಕು ಮಾತ್ರ ಪ್ರತಿ ತಿರುವಿಗೂ ಗಡಿಗೆಯ ಬಾಯಿಗೆ ಅಂಗೈ ಒತ್ತಿ ಹಿಡಿದು, ಒಳಗಿದ್ದವರಿಗೆ ತ್ರಾಸಾಗದಂತೆ ನೋಡಿಕೊಂಡರು. ಅಸ್ಥಿ ಬಿಡುವವರೆಗೆ ನೀರೂ ಮುಟ್ಟುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದರು.

ವೆಂಗುರ್ಲಾ ತಲುಪಿದಾಗ ಸೂರ್ಯ ನೆತ್ತಿಯ ಮೇಲಿದ್ದ. ಕಾಕು ಮರಳಿನ ಮೇಲೆ ನಿಂತು ಸಮುದ್ರವನ್ನು ಮೊದಲ ಸಲ ನೋಡಿದರು. ನೋಡಿದರು, ನೋಡಿದರು, ಆಮೇಲೆ ಗಡಿಗೆ ಸಮೇತ ಅಲ್ಲೇ ಕುಳಿತರು.

"ಇಷ್ಟ ದೊಡ್ಡದೈತೇನು ಇದು," ಎಂದರು. "ಅವ್ರು ಇಲ್ಲಿ ಇದರ ಮ್ಯಾಲ ಒಬ್ರ ಇದ್ರು. ನಾ ಅಲ್ಲಿ ಚಿಕ್ಕೋಡ್ಯಾಗ, ಪತ್ರ ಯಾಕ ಬರವಲ್ದು ಅಂತ ಬೈಕೋತ ಕುಂಡ್ರತಿದ್ನಿ."

ನಾನು ನಮ್ಮವರ ಕಡೆ ನೋಡಿದೆ. ಅವರು ಆಕಾಶ ನೋಡುತ್ತಿದ್ದರು.

"ಈಗ ಬ್ಯಾಡ," ಎಂದರು. "ಬೆಳಕು ಸುಣ್ಣ ಬಳದಂಗ ಐತಿ. ಸಂಜಿಕ ಬಿಡೂಣು."

"ಕಾಕು ಉಪಾಸ ಅದಾರ್ರಿ."

"ಕಾಕಾ ಮತ್ತೊಮ್ಮೆ ಸಾಯೂದಿಲ್ಲ ಭೀಮಾ. ಇರೂದು ಇದೊಂದ ಫೋಟೋ."

"ಮತ್ತ ನೀವು ಗಡಗಿ ಹಿಡದ್ರ ಫೋಟೋ ಯಾರು ತಗೀತಾರ?"

ಇಲ್ಲಿ ನಮ್ಮವರಿಗೆ ಧರ್ಮಸಂಕಟ ಬಂತು. ಅಸ್ಥಿ ಬಿಡಬೇಕಾದವರು ಮಗನ ಸ್ಥಾನದಲ್ಲಿದ್ದ ಅವರೇ. ಕ್ಯಾಮೆರಾವನ್ನು ಬಾಳುವಿನ ಕೈಗೆ ಕೊಡುವುದೆಂದರೆ ಅವರಿಗೆ ಹೊಲವನ್ನೇ ಬರೆದುಕೊಟ್ಟಂತೆ. ನಾನು ಅವರ ಕರ್ತವ್ಯವನ್ನು ನೆನಪಿಸಿದೆ. ಅವರು ನನ್ನ ತವರಿನವರನ್ನು ನೆನಪಿಸಿಕೊಂಡರು. ನಾನು ಎಮ್ಮೆಯನ್ನು ನೆನಪಿಸಿದೆ. ಹೀಗೆ ನಮ್ಮ ಸಂವಾದವು ಸರ್ವಾಂಗ ಸುಂದರವಾಗಿ ಮುಂದುವರಿದು, ಅದು ಮುಗಿಯುವಷ್ಟರಲ್ಲಿ ಸೂರ್ಯ ಇಳಿದು ಅವರಿಗೆ ಬೇಕಾದ ಬೆಳಕೇ ಬಂದುಬಿಟ್ಟಿತ್ತು.

ಕೊನೆಗೆ ತೀರ್ಪು ಕೊಟ್ಟವರು ಕಾಕು. "ಭೀಮಾ, ನೀನ ಬಿಡು. ಅವ್ರು ಕೊನಿಗೆ ನಿನ್ನ ಕೈಯಾಗಿನ ಗಂಜೀನ ಕುಡದಾರ. ಅವಗ ಅವನ ಕೆಲಸಾ ಮಾಡಾಕ ಬಿಡು."

ನಾನು ಸೆರಗು ಬಿಗಿದು ಗಡಿಗೆ ಹಿಡಿದು ನೀರಿಗಿಳಿದೆ. ಪಾದ ಮುಳುಗುತ್ತಲೇ ನಿರ್ದೇಶನ ಶುರುವಾಯಿತು.

"ಈ ಕಡೆ ಮಾರಿ ಮಾಡು. ಹಿಂದ ಹಿಂದ ನಡಿ."

"ಸಮುದ್ರಕ್ಕ ಬೆನ್ನ ಮಾಡ್ಲೇನು?"

"ಮತ್ತ ನಿನ್ನ ಬೆನ್ನಿನ ಫೋಟೋ ತಗೀಲೇನು? ಒಂದೀಟ ಎಡಕ ಸರಿ. ಗೆರಿ ನಿನ್ನ ಕೊರಳಿಗೆ ಬಂತು, ತಲಿ ಕಡದಂಗ ಕಾಣತೈತಿ. ಇನ್ನಷ್ಟ ಹಿಂದ. ಗಡಗಿ ಎತ್ತಿ ಹಿಡಿ."

ನೀರು ಮೊಣಕಾಲಿಗೆ ಬಂತು. ಕಾಕಾನನ್ನು ತಲೆಯ ಮೇಲೆ ಎತ್ತಿ ಹಿಡಿದು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಿದ್ದೆ. ಆಗ ಬಾಳು ದಂಡೆಯಿಂದ ಕೈಬೀಸಿ, ತನ್ನ ಮರಾಠಿಯಲ್ಲಿ "ವಹಿನಿ, ಲಾಟ, ಲಾಟ" ಎಂದ. ನನ್ನ ತವರು ರಾಯಬಾಗದ ಕಡೆ. ನಮ್ಮ ಮರಾಠಿ ಸಂತೆಯ ವ್ಯವಹಾರಕ್ಕೆ ಸಾಕಾಗುವಷ್ಟು. ವಹಿನಿ ಎಂದರೆ ಅತ್ತಿಗೆ ಎಂದು ಗೊತ್ತಿತ್ತು, ಲಾಟ ಎಂದರೆ ಅಲೆ ಎಂದು ನನಗೆ ಗೊತ್ತಾದದ್ದು ನೀರಿನ ಕೆಳಗೆ.

ತಲೆ ಎಲ್ಲಿತ್ತೋ ಕಾಲು ಎಲ್ಲಿತ್ತೋ ತಿಳಿಯಲಿಲ್ಲ. ಬಾಯಿಯ ತುಂಬ ಉಪ್ಪು, ಕಣ್ಣಿನ ತುಂಬ ಮರಳು. ಸತ್ತೆ ಎಂದೇ ಅಂದುಕೊಂಡೆ. ಬಾಳು ಓಡಿಬಂದು ರಟ್ಟೆ ಹಿಡಿದು ಎಳೆದು ದಂಡೆಗೆ ಹಾಕಿದ. ನಮ್ಮವರು ನಿಂತಲ್ಲಿಂದ ಕದಲಿರಲಿಲ್ಲ. ಕ್ಯಾಮೆರಾ ಇನ್ನೂ ಕಣ್ಣಿಗೇ ಇತ್ತು.

ಉಸಿರು ಬಂದ ಕೂಡಲೆ ಬೈಯಲು ಹೋದೆ. ಅಷ್ಟರಲ್ಲಿ ಅವರು ಕ್ಯಾಮೆರಾ ಇಳಿಸಿದರು. ಮುಖ ಪೂರ್ತಿ ಒದ್ದೆಯಾಗಿತ್ತು, ಮೂಗು ಸುರಿಯುತ್ತಿತ್ತು. ಕಾಕಾನ ಹೆಣ ಎತ್ತಿದ ದಿನವೂ ಅವರು ಅತ್ತಿರಲಿಲ್ಲ.

"ಉಪ್ಪ ನೀರು ಸಿಡದೈತಿ," ಎಂದರು.

ನೀರು ಅವರಿಂದ ಬಹಳ ದೂರದಲ್ಲಿತ್ತು. ನಾನು ಬೈಗುಳವನ್ನು ಉಪ್ಪಿನ ಜೊತೆಗೇ ನುಂಗಿದೆ. ಕಾಕು ಮಾತ್ರ ನಮ್ಮಿಬ್ಬರನ್ನೂ ನೋಡದೆ, ಗಡಿಗೆ ಹೋದ ದಿಕ್ಕಿಗೇ ಕೈಮುಗಿದು ನಿಂತಿದ್ದರು. ಕತ್ತಲಾಗುವ ಹೊತ್ತಿಗೆ ಅವರಿಗೆ ಒಂದು ಎಳನೀರು ಕುಡಿಸಿದೆವು.

ರೋಲು ಕೊಲ್ಲಾಪುರಕ್ಕೆ ಹೋಗಿ ತೊಳೆಸಿಕೊಂಡು ಬಂತು. ಮಧ್ಯಾಹ್ನ ಪರೀಕ್ಷೆಗೆಂದು ತೆಗೆದವೆಲ್ಲ ಅವರು ಹೇಳಿದಂತೆಯೇ ಸುಣ್ಣ. ಒಂದೇ ಒಂದು ಫೋಟೋ ಚೆನ್ನಾಗಿ ಬಂದಿತ್ತು. ಚೆನ್ನಾಗಿ ಎಂದರೆ, ನಾನು ನನ್ನ ಕೈಯಾರೆ ಹರಿಯಬೇಕೆಂದಿದ್ದರೂ ಹರಿಯಲಾಗದಷ್ಟು ಚೆನ್ನಾಗಿ. ಗೆರೆ ಎಲ್ಲಿರಬೇಕೋ ಅಲ್ಲಿತ್ತು. ಹಸಿರು ನೀಲಿ ಅಲೆ ಬಾಗಿಲಿನಂತೆ ಎದ್ದು ನಿಂತಿತ್ತು, ಅದರ ಹೊಟ್ಟೆಯೊಳಗೆ ಕೆಂಪು ಸೀರೆ ಬಿಚ್ಚಿಕೊಂಡಿತ್ತು. ನನ್ನ ಮುಖ ಆಕಾಶದ ಕಡೆ, ಕಣ್ಣು ಮುಚ್ಚಿ, ಎರಡೂ ಕೈ ಮೇಲೆ. ಕೈಗಳಿಂದ ತುಸು ದೂರದಲ್ಲಿ ಗಡಿಗೆ, ಅದರ ಬಾಯಿಂದ ಹೊಗೆಯಂತೆ ಬೂದಿ.

ನಾನು ಅದನ್ನು ಒಲೆಗೆ ಹಾಕಿ ಎಂದೆ. ಕಾಕು ಅದನ್ನು ಎದೆಗೆ ಒತ್ತಿಕೊಂಡರು.

"ಇದರಾಗ ಅವ್ರು ಅದಾರ," ಎಂದು ಆ ಬೂದಿಯ ಹೊಗೆ ತೋರಿಸಿದರು. "ಪಾಸ್‌ಪೋರ್ಟಿನ ಫೋಟೋದಾಗ ಕಳ್ಳನಂಗ ಕಾಣತಿದ್ರು. ಇದರಾಗ ನಕ್ಕೋತ ಹೊಂಟಾರ."

ಗಂಡನನ್ನು ಕಳೆದುಕೊಂಡವರ ಮುಂದೆ ನನ್ನ ಮಾನದ ಪ್ರಶ್ನೆ ಎತ್ತುವುದು ಹೇಗೆ? ನಿಪ್ಪಾಣಿಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಫೋಟೋವನ್ನು ಪಡಸಾಲೆಯಲ್ಲಿ ತೂಗುಹಾಕಿದರು. ಕಾಕು ದಿನಾ ಬೆಳಿಗ್ಗೆ ಅದಕ್ಕೆ ಹೂವಿನ ಹಾರ ಹಾಕಿ ಊದಿನಕಡ್ಡಿ ಹಚ್ಚುತ್ತಾರೆ. ಅದರ ಕೆಳಗೇ ಕುಳಿತು ನಾನು ಜೋಳ ಹಸನು ಮಾಡುತ್ತೇನೆ.

ಮೊನ್ನೆ ಸತ್ತಿ ಊರಿನಿಂದ ಕಾಕುವಿನ ದೂರದ ಸಂಬಂಧಿ ಕಾಮಣ್ಣ ಬಂದರು. ನನ್ನ ಮುಖ ಎಂದೂ ಕಂಡವರಲ್ಲ. ಸಾವಿನ ಹೊತ್ತಿಗೆ ಕಾಶಿಗೆ ಹೋಗಿದ್ದವರು, ಬಾಬಾಸಾಹೇಬನ ಮನೆಯಲ್ಲಿ ಸಾವಾಗಿದೆ ಎಂದಷ್ಟೇ ಯಾರಿಂದಲೋ ಕೇಳಿದ್ದರು. ಕಾಕು ಒಳಗೆ ಮಲಗಿದ್ದರು, ನಾನು ಚಹಾಕ್ಕೆ ಇಟ್ಟಿದ್ದೆ. ಕಾಮಣ್ಣ ಫೋಟೋದ ಮುಂದೆ ನಿಂತು ಕೈಮುಗಿದದ್ದು ಅಡಿಗೆಮನೆಗೆ ಕಾಣುತ್ತಿತ್ತು.

"ಸಮುದ್ರದಾಗೇನ್ರಿ?" ಎಂದರು.

"ಹೌದ್ರಿ, ವೆಂಗುರ್ಲಾದಾಗ," ಎಂದರು ನಮ್ಮವರು, ಹೆಮ್ಮೆಯಿಂದ.

"ನೀವು ಹತ್ರ ಇದ್ರೇನು?"

"ಅಲ್ಲೇ ದಂಡಿಗೆ ನಿಂತಿದ್ನಿ."

"ಹಿಡಿಯಾಕ ಆಗ್ಲಿಲ್ಲೇನು?"

"ಯಾಕ ಆಗ್ಲಿಲ್ರಿ, ಸರಿಯಾಗಿ ಹಿಡದೇನಲ್ಲ. ಒಂದ ಕ್ಷಣ ತಡ ಆಗಿದ್ರ ಹೋಗೇ ಬಿಡತಿತ್ತು."

"ಹಿಡದೂ ಹೋತು ಅಂದ್ರ ಹಣೇಬರಾ," ಎಂದು ಕಾಮಣ್ಣ ನಿಟ್ಟುಸಿರು ಬಿಟ್ಟು ಕುಳಿತರು. ಆಮೇಲೆ ದನಿ ತಗ್ಗಿಸಿದರು. "ಹಿಂಗಂತೀನಿ ಅಂತ ತಪ್ಪ ತಿಳಕೋಬ್ಯಾಡ್ರಿ. ಮನ್ಯಾಗ ಹೆಣ್ಣ ದಿಕ್ಕ ಬೇಕು. ಅನಂತಪುರದಾಗ ನನ್ನ ತಂಗಿ ಮಗಳು ಸತ್ತೆವ್ವ ಅದಾಳ. ಹೊಲಾ ಮನಿ ಎಲ್ಲಾ ನೋಡ್ಕೋತಾಳ. ನೋಡಾಕೂ ಲಕ್ಷಣ ಅದಾಳ."

ನಾನು ಚಹಾದ ತಾಟು ಹಿಡಿದು ಹೊಸ್ತಿಲಲ್ಲಿ ನಿಂತೆ. ನಮ್ಮವರಿಗೆ ಮಾತು ಅರ್ಥವಾಗಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವರು ಹುಬ್ಬು ಗಂಟಿಕ್ಕಿ ಯೋಚಿಸಿ ಕೇಳಿದರು:

"ಆಕಿ ಫೋಟೋ ಐತೇನ್ರಿ?"

ಅಷ್ಟರಲ್ಲಿ ಕಾಕು ಎದ್ದು ಬಂದಿದ್ದರು. "ಕಾಮಣ್ಣಾ, ಅಕಿ ಸತ್ತಿಲ್ಲೋ," ಎಂದರು. "ನಿನಗ ಚಾ ತಂದು ನಿಂತಾಳ ನೋಡು."

ಕಾಮಣ್ಣ ತಿರುಗಿ ನನ್ನನ್ನು ನೋಡಿದರು. ಹಿಟ್ಟು ಮೆತ್ತಿದ ಕೈ, ಒಲೆಯ ಮುಂದೆ ಬೆವೆತ ಮುಖ, ಮಾಸಿದ ಸೀರೆ. ಮತ್ತೆ ತಲೆಯೆತ್ತಿ ಫೋಟೋ ನೋಡಿದರು. ಬಟ್ಟಲು ತೆಗೆದುಕೊಂಡು ಬಹಳ ಹೊತ್ತು ಊದಿದರು.

"ಫೋಟೋದಾಗ ಛಲೋ ಅದಾಳ," ಎಂದರು.

"ಬೆಳಕ ಹಂಗ ಇತ್ರಿ," ಎಂದರು ನಮ್ಮವರು.