ಅವ್ವನ ಹುಯಿಲು ಪತ್ರ

ಅವ್ವ ಹೂ ಮಾರಿ ಅಲ್ಲಾಳಸಂದ್ರದಲ್ಲಿ ಕಟ್ಟಿದ ಮನೆ ಅವಳ ಕಾಲಾನಂತರ, ಈಗ ಜೊತೆಗಿರುವ ನನ್ನ ತಂಗಿ ಗೌರಿಗೇ ಸೇರಬೇಕೆಂದು ತೀರ್ಮಾನವಾಯಿತು. ನನಗೂ ಪೂರ್ತಿ ಒಪ್ಪಿಗೆ. ಬಾಯಿಮಾತಿನಲ್ಲೇ ಬಿಟ್ಟರೆ ನಾಳೆ ನನ್ನ ಮಕ್ಕಳೇ ಅವಳ ಬಾಗಿಲಿಗೆ ಬಂದು ಪಾಲು ಕೇಳಬಹುದಲ್ಲ!

"ಲಾಯರ್ ಯಾಕವ್ವಾ? ನಮ್ಮ ವಂಶದ ಮೊದಲ ಬಿ.ಎ. ನಾನಿಲ್ವಾ?" ಎಂದೆ.

"ಅಂಗಾದ್ರೆ ನೀನೇ ಬರಿಯಪ್ಪಾ."

ಬರೆದೆ. ನಾಲ್ಕು ಪುಟ! 'ಸೂರ್ಯಚಂದ್ರರಿರುವವರೆಗೂ' ಎನ್ನುವುದನ್ನೂ ಬಿಡಲಿಲ್ಲ. ಮೇಲೆ ದಪ್ಪಕ್ಷರದಲ್ಲಿ 'ಹುಯಿಲು ಪತ್ರ' ಎಂದು ಹಾಕಿದೆ. ನಮ್ಮ ಮನೆಯಲ್ಲಿ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಅದಕ್ಕೇ ಕಾಲೇಜಿನಲ್ಲಿ ನಗೆಪಾಟಲಾದವನು ನಾನು. ಅಂದಿನಿಂದ ಅನುಮಾನ ಬಂದ ಕಡೆಯೆಲ್ಲ ಒಂದು 'ಹ' ಸೇರಿಸಿಬಿಡುತ್ತೇನೆ.

ಅವ್ವ ಹೆಬ್ಬೆಟ್ಟು ಒತ್ತಿದಳು. ಇನ್ನು ಇಬ್ಬರು ಸಾಕ್ಷಿಗಳು ಬೇಕು. ಅವರಿಗೇಕೆ ತೊಂದರೆಯೆಂದು ನಾನೇ ಕಾಗದ ಹಿಡಿದು ಸ್ಕೂಟರ್ ಏರಿದೆ. ಪಕ್ಕದ ಬೀದಿಯ ಮುನಿರಾಜು ಒಂದಕ್ಷರವೂ ಓದದೆ ಸೈನ್ ಹಾಕಿ, "ಇನ್ನೆಲ್ಲಾದ್ರೂ ಬೇಕಾ ಗುರು?" ಎಂದ. ಸಾಕ್ಷಿಯೆಂದರೆ ಹೀಗಿರಬೇಕು!

ಬ್ಯಾಟರಾಯನಪುರದ ನಿವೃತ್ತ ಕನ್ನಡ ಮೇಷ್ಟ್ರು ಮಾತ್ರ ಕನ್ನಡಕ ಹುಡುಕಿದರು. ಮೊದಲ ಸಾಲಿಗೇ ನಗುವಿನಿಂದ ಅವರ ಹೊಟ್ಟೆ ಕುಣಿಯತೊಡಗಿತು.

"ಅಲ್ಲಯ್ಯಾ, ಹುಯಿಲು ಅಂದ್ರೆ ಬೊಬ್ಬೆ, ಗಲಾಟೆ! ಆಸ್ತಿಗೆ ಬರೆಯೋದು ಉಯಿಲು. ನಿಮ್ಮವ್ವ ಗೌರಿಗೆ ಮನೆ ಕೊಡ್ತಿದ್ದಾರೋ, ಗಲಾಟೆ ಕೊಡ್ತಿದ್ದಾರೋ?"

ನನ್ನ ಕಿವಿ ಬಿಸಿಯಾಯಿತು. "ಹಂಗಾದ್ರೆ ಇದು ನಡೆಯಲ್ವಾ ಸಾರ್?"

"ತಲೆಬರಹ ತಪ್ಪಾದ್ರೆ ಪರವಾಗಿಲ್ಲ. ಆದ್ರೆ ಅವರು ಹೆಬ್ಬೆಟ್ಟು ಒತ್ತೋದನ್ನ ನಾವು ನೋಡಿರ್ಬೇಕು. ಇಲ್ಲಾಂದ್ರೆ 'ಇದು ನಂದೇ' ಅಂತ ಅವರೇ ನಮಗೆ ಹೇಳ್ಬೇಕು. ಆಮೇಲೆ ನಾವು ಅವರೆದುರೇ ಸೈನ್ ಹಾಕ್ಬೇಕು. ಮುನಿರಾಜು ಎಲ್ಲಿ ಹಾಕ್ದ?"

"ಸ್ಕೂಟರ್ ಸೀಟಿನ ಮೇಲೆ..."

"ನಡಿ ಮನೆಗೆ!"

ಮೇಷ್ಟ್ರನ್ನು ಕೂರಿಸಿಕೊಂಡು, ದಾರಿಯಲ್ಲಿ ಮುನಿರಾಜುವನ್ನೂ ಹತ್ತಿಸಿಕೊಂಡೆ. ಕಾನೂನು ಪಾಲಿಸಲು ಒಂದೇ ಸ್ಕೂಟರಿನಲ್ಲಿ ಮೂವರು!

ನನ್ನ ನಾಲ್ಕು ಪುಟಗಳನ್ನು ಪಕ್ಕಕ್ಕಿಟ್ಟು, ಅವ್ವ ಹೇಳಿದ್ದನ್ನು ಮೇಷ್ಟ್ರು ಬಿಳಿ ಹಾಳೆಯ ಮೇಲೆ ಬರೆದರು. ಐದೇ ಸಾಲು! ಛಾಪಾ ಕಾಗದವೂ ಬೇಡವಂತೆ. ಗಟ್ಟಿಯಾಗಿ ಓದಿ ಹೇಳಿದರು. "ಅಷ್ಟೇ ಕಣಪ್ಪಾ ನಾನೇಳಿದ್ದು" ಎಂದು ಅವ್ವ ಇಬ್ಬರ ಕಣ್ಣೆದುರು ಹೆಬ್ಬೆಟ್ಟು ಒತ್ತಿದಳು. ಅವರಿಬ್ಬರೂ ಅವಳೆದುರೇ ಸೈನ್ ಹಾಕಿದರು. ಬಾಗಿಲಲ್ಲಿ ನಿಂತಿದ್ದ ಗೌರಿ ಆಗಲೇ ಉಸಿರು ಬಿಟ್ಟಿದ್ದು.

ನಾನು ಗಂಭೀರವಾಗಿ ಪೆನ್ನಿನ ಮುಚ್ಚಳ ತೆಗೆದೆ. "ಸಾರ್, ನಾನೆಲ್ಲಿ ಸೈನ್ ಹಾಕ್ಲಿ?"

"ನಿಂದು ಎಲ್ಲೂ ಬೇಡ."

"ನೀನು ಓಗಿ ಎಲ್ರಿಗೂ ಕಾಫಿ ಮಾಡಪ್ಪಾ" ಎಂದಳು ಅವ್ವ.

ಮಾಡಿದೆ. ಸಕ್ಕರೆ ಹಾಕುವುದನ್ನು ಮರೆತಿದ್ದೆ. ಅದಕ್ಕೂ ಇಬ್ಬರು ಸಾಕ್ಷಿಗಳಿದ್ದರು!